ಕರಡಿಯ ಮನೆಯೂ ಜೂನ್ ತಿಂಗಳ ಒಂದು ವಿನಂತಿಯೂ

ಮಳೆ ನಕ್ಷತ್ರಗಳ ಲೆಕ್ಕ ಇಟ್ಟುಕೊಂಡು ಬೇಸಾಯ ಮಾಡುವ ಕನ್ನಡ ನಾಡಿನ ರೈತನಿಗೆ ಕೃತ್ತಿಕೆ ಹೊಸ ಹೆಸರಲ್ಲ. ಪುರಾಣ ಬಲ್ಲವರಿಗೆ ಕೃತ್ತಿಕೆಯರು ಷಣ್ಮುಖನಿಗೆ ಹಾಲೂಡಿದ ತಾಯಂದಿರು. ಇದೇ ನಕ್ಷತ್ರಪುಂಜವನ್ನು ಕುರಿತು ಭೂಮಿಯ ಇನ್ನೊಂದು ಮಗ್ಗುಲಿನಲ್ಲಿ, ಉತ್ತರ ಅಮೆರಿಕದ ಹುಲ್ಲುಗಾವಲುಗಳಲ್ಲಿ ಅಲೆದಾಡಿದ ಕಿಯೋವಾ ಜನ ಬೇರೊಂದು ಕಥೆ ಹೇಳುತ್ತಾರೆ. ಏಳು ಮಂದಿ ಹುಡುಗಿಯರು ಆಡುತ್ತಾ ಆಡುತ್ತಾ ಬೀಡಿನಿಂದ ದೂರ ಹೋದರು. ಕರಡಿಗಳು ಅಟ್ಟಿಸಿಕೊಂಡು ಬಂದವು. ಓಡಿ ಪಾರಾಗುವ ದಾರಿ ಕಾಣದೆ ಅವರು ಒಂದು ಸಣ್ಣ ಬಂಡೆಯ ಮೇಲೆ ಹತ್ತಿ ನಿಂತು ತಮ್ಮನ್ನು ಕಾಪಾಡುವಂತೆ ಬಂಡೆಯನ್ನೇ ಬೇಡಿಕೊಂಡರು. ಬಂಡೆಗೆ ಕರುಣೆ ಬಂತು. ಅದು ಮೇಲಕ್ಕೆ ಬೆಳೆಯತೊಡಗಿತು. ಕರಡಿಗಳು ಹತ್ತಲು ಯತ್ನಿಸಿ ಜಾರಿದವು. ಅವುಗಳ ಉಗುರು ಗೀರಿದ ಗುರುತು ಬಂಡೆಯ ಸುತ್ತ ಉಳಿಯಿತು. ಹುಡುಗಿಯರು ಆಕಾಶ ಮುಟ್ಟಿ ನಕ್ಷತ್ರಗಳಾದರು. ಈ ಕಥೆಗೆ ಪಾಠಾಂತರಗಳಿವೆ. ಕಿಯೋವಾ ಮನೆತನದಲ್ಲಿ ಹುಟ್ಟಿ 1969ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದ ಲೇಖಕ ಎನ್. ಸ್ಕಾಟ್ ಮೊಮಡೆ ದಾಖಲಿಸಿರುವ ಪಾಠದಲ್ಲಿ ಹುಡುಗಿಯರು ಸಪ್ತರ್ಷಿ ಮಂಡಲವಾಗುತ್ತಾರೆ; ಕರಡಿಯಾದವನು ಅವರ ಸ್ವಂತ ತಮ್ಮ.

ಕಥೆ ಹೇಗಾದರೂ ಇರಲಿ, ಬಂಡೆ ಮಾತ್ರ ನಿಜ. ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ, ಬೆಲ್ ಫೂರ್ಷ್ ನದಿಯ ದಂಡೆಯಲ್ಲಿ ಅದು ಇಂದಿಗೂ ನಿಂತಿದೆ. ಬುಡದಿಂದ ತುದಿಗೆ 867 ಅಡಿ. ಸುಮಾರು ಐದು ಕೋಟಿ ವರ್ಷಗಳ ಹಿಂದೆ ಭೂಮಿಯೊಳಗಿನ ಕುದಿಯುವ ಶಿಲಾರಸ ಮೇಲ್ಪದರಗಳ ನಡುವೆ ನುಗ್ಗಿ, ಅಲ್ಲಿಯೇ ತಣಿದು ಗಟ್ಟಿಯಾಯಿತು. ತಣಿಯುವಾಗ ಕುಗ್ಗಿ, ಐದು ಆರು ಮುಖಗಳ ಉದ್ದನೆಯ ಕಂಬಗಳಾಗಿ ಸೀಳಿತು. ಸುತ್ತಲಿನ ಮೃದು ಕಲ್ಲು ಕಾಲಾಂತರದಲ್ಲಿ ಸವೆದು ಹೋಗಿ ಗಟ್ಟಿ ಶಿಲೆ ಮಾತ್ರ ಬೋಳು ಬಯಲಿನಲ್ಲಿ ಉಳಿಯಿತು. ಉಡುಪಿಯ ಬಳಿ ಸಮುದ್ರದಲ್ಲಿರುವ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳನ್ನು ಕಂಡವರು ಇದರ ಸ್ವರೂಪವನ್ನು ಊಹಿಸಿಕೊಳ್ಳಬಹುದು. ಆದರೆ ಗಾತ್ರ ಮಾತ್ರ ಊಹೆಗೆ ನಿಲುಕುವುದು ಕಷ್ಟ. ಭೂವಿಜ್ಞಾನಿಗೆ ಅವು ಕಂಬಗಳ ನಡುವಿನ ಬಿರುಕುಗಳು, ಕಿಯೋವಾ ಅಜ್ಜಿಗೆ ಅವು ಕರಡಿಯ ಉಗುರಿನ ಗೀರುಗಳು, ಶಿಲಾರೋಹಿಗೆ ಅವು ಬೆರಳು ತೂರಿಸಿ ಮೇಲೇರಬಹುದಾದ ದಾರಿಗಳು. ಒಂದೇ ಕಲ್ಲನ್ನು ನೋಡುವ ಈ ಮೂರು ಕಣ್ಣುಗಳ ನಡುವೆ ಎದ್ದ ವ್ಯಾಜ್ಯವೇ ಈ ಮಾತಿನ ವಿಷಯ. ಸಾರ್ವಜನಿಕ ನೆಲದಲ್ಲಿರುವ ಬೆಟ್ಟವನ್ನು ಹತ್ತುವ ಹಕ್ಕು ಯಾರದು, ಬೇಡವೆನ್ನುವ ಅಧಿಕಾರ ಯಾರದು ಎಂಬ ಪ್ರಶ್ನೆಗೆ ಆ ವ್ಯಾಜ್ಯದಲ್ಲಿ ದೊರೆತ ಉತ್ತರ ವಿಚಿತ್ರವಾದದ್ದು, ಮತ್ತು ವಿಚಾರ ಮಾಡತಕ್ಕದ್ದು.

ಹೆಸರಿನ ಕಥೆ

ಲಕೋಟಾ ಜನ ಈ ಶಿಲೆಯನ್ನು ‘ಮಾತೋ ತಿಪಿಲಾ’ ಎನ್ನುತ್ತಾರೆ. ಕರಡಿಯ ಮನೆ ಎಂದು ಅದರ ಅರ್ಥ. ಷೈಯನ್, ಅರಪಾಹೋ, ಕ್ರೋ ಮೊದಲಾದ ಬುಡಕಟ್ಟುಗಳ ಹೆಸರುಗಳಲ್ಲಿಯೂ ಕರಡಿಯೇ ಇದೆ. ಇಪ್ಪತ್ತಕ್ಕೂ ಹೆಚ್ಚು ಬುಡಕಟ್ಟುಗಳಿಗೆ ಇದರೊಂದಿಗೆ ಸಂಬಂಧವಿದೆ. ಹಾಗಿದ್ದೂ ನಕಾಶೆಯಲ್ಲಿ ಇರುವ ಹೆಸರು ‘ಡೆವಿಲ್ಸ್ ಟವರ್’, ಅಂದರೆ ಸೈತಾನನ ಗೋಪುರ. 1875ರಲ್ಲಿ ಸೇನಾಧಿಕಾರಿ ಕರ್ನಲ್ ರಿಚರ್ಡ್ ಡಾಡ್ಜ್ ಜೊತೆಗಿದ್ದ ಸಮೀಕ್ಷಾ ತಂಡ ಈ ಪ್ರದೇಶಕ್ಕೆ ಬಂದಾಗ, ಸ್ಥಳೀಯ ಹೆಸರನ್ನು ತಪ್ಪಾಗಿ ಅರ್ಥ ಮಾಡಿಕೊಂಡದ್ದರಿಂದ ಈ ಹೆಸರು ಬಂತೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಒಬ್ಬರ ದೇಗುಲ ಇನ್ನೊಬ್ಬರ ನಕಾಶೆಯಲ್ಲಿ ಸೈತಾನನ ಸ್ಥಾನವಾಯಿತು. ಹೆಸರನ್ನು ಬದಲಾಯಿಸಬೇಕೆಂಬ ಲಕೋಟಾ ಹಿರಿಯರ ಕೋರಿಕೆಗೆ ವಯೋಮಿಂಗ್‌ನ ಜನಪ್ರತಿನಿಧಿಗಳು ಅಡ್ಡ ನಿಂತಿದ್ದಾರೆ.

ಆ ಸಮೀಕ್ಷೆಯ ಕಾಲವನ್ನೂ ಗಮನಿಸಬೇಕು. 1868ರಲ್ಲಿ ಫೋರ್ಟ್ ಲ್ಯಾರಮಿಯಲ್ಲಿ ಆದ ಒಪ್ಪಂದದ ಪ್ರಕಾರ ಬ್ಲ್ಯಾಕ್ ಹಿಲ್ಸ್ ಬೆಟ್ಟಸಾಲು ಲಕೋಟಾ ಮತ್ತವರ ಬಂಧು ಬುಡಕಟ್ಟುಗಳಿಗೆ ಸೇರಿತ್ತು. ಅದರ ಪಶ್ಚಿಮಕ್ಕಿದ್ದ ಬೇಟೆಯ ನೆಲವನ್ನೂ ಅವರು ಬಿಟ್ಟುಕೊಟ್ಟಿರಲಿಲ್ಲ. 1874ರಲ್ಲಿ ಅಲ್ಲಿ ಚಿನ್ನ ಸಿಕ್ಕಿತು. ಮೂರೇ ವರ್ಷಗಳಲ್ಲಿ ಸರ್ಕಾರ ಬೆಟ್ಟಗಳನ್ನು ವಶಪಡಿಸಿಕೊಂಡಿತು. ಈ ಕೃತ್ಯ ಅನ್ಯಾಯವೆಂದು, ಪರಿಹಾರ ಕೊಡಬೇಕೆಂದು ಅಮೆರಿಕದ ಸುಪ್ರೀಂ ಕೋರ್ಟೇ 1980ರಲ್ಲಿ ತೀರ್ಪಿತ್ತಿತು. ಬಡ್ಡಿ ಸೇರಿ ಹತ್ತು ಕೋಟಿ ಡಾಲರಿಗೂ ಮಿಕ್ಕಿದ ಆ ಹಣವನ್ನು ಬುಡಕಟ್ಟುಗಳು ಮುಟ್ಟಲಿಲ್ಲ. ನೆಲ ಮಾರಾಟಕ್ಕಿಲ್ಲ ಎಂಬುದು ಅವರ ನಿಲುವು. ಮುಟ್ಟದ ಆ ಮೊತ್ತ ಬೆಳೆದು ನೂರು ಕೋಟಿ ಡಾಲರನ್ನೂ ದಾಟಿದೆ.

ನೆಲದೊಂದಿಗೆ ಆಚರಣೆಯೂ ಹೋಯಿತು. 1883ರ ಸರ್ಕಾರಿ ನಿಯಮಗಳ ಪ್ರಕಾರ ಲಕೋಟಾ ಜನರ ಪವಿತ್ರ ಸೂರ್ಯನೃತ್ಯ ಶಿಕ್ಷಾರ್ಹ ಅಪರಾಧವಾಯಿತು. ಅವರ ಧಾರ್ಮಿಕ ಸ್ವಾತಂತ್ರ್ಯವನ್ನು ಎತ್ತಿ ಹಿಡಿಯುವ ಪ್ರತ್ಯೇಕ ಕಾಯ್ದೆಯೊಂದು ಬರಲು 1978ರವರೆಗೆ ಕಾಯಬೇಕಾಯಿತು. ಅಂದರೆ, ಧರ್ಮಸ್ವಾತಂತ್ರ್ಯವನ್ನು ಸಂವಿಧಾನದ ಮೊದಲ ತಿದ್ದುಪಡಿಯಲ್ಲಿಯೇ ಸಾರಿದ ದೇಶದಲ್ಲಿ ಆ ನೆಲದ ಮೊದಲ ಮಕ್ಕಳು ತಲೆಮಾರುಗಳ ಕಾಲ ಕದ್ದು ಪ್ರಾರ್ಥಿಸಬೇಕಾಯಿತು.

ಏಣಿಯಿಂದ ಹಗ್ಗದವರೆಗೆ

ಇದೇ ಅವಧಿಯಲ್ಲಿ ಶಿಲೆಯ ಇನ್ನೊಂದು ಚರಿತ್ರೆ ಶುರುವಾಗುತ್ತದೆ. ವಿಲಿಯಂ ರಾಜರ್ಸ್ ಮತ್ತು ವಿಲ್ಲರ್ಡ್ ರಿಪ್ಲಿ ಎಂಬ ಇಬ್ಬರು ಸ್ಥಳೀಯ ರಾಂಚ್ ಮಾಲೀಕರು ಕಂಬಗಳ ನಡುವಿನ ಬಿರುಕಿಗೆ ಮರದ ಗೂಟಗಳನ್ನು ಬಡಿದು, ಸುಮಾರು 350 ಅಡಿ ಉದ್ದದ ಏಣಿ ಕಟ್ಟಿದರು. 1893ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನದ ಜಾತ್ರೆಯಲ್ಲಿ, ರಾಜರ್ಸ್ ಜನಸ್ತೋಮದ ಎದುರು ತುದಿಗೇರಿ ರಾಷ್ಟ್ರಧ್ವಜ ಹಾರಿಸಿದ. ಕೆಳಗೆ ತಿಂಡಿ ತೀರ್ಥದ ಅಂಗಡಿಗಳಿದ್ದವು. ಗಾಳಿಗೆ ಕಿತ್ತುಬಂದ ಧ್ವಜವನ್ನು ತುಂಡು ತುಂಡು ಮಾಡಿ ನೆನಪಿನ ಕಾಣಿಕೆಯಾಗಿ ಮಾರಿದರೆಂದು ಹೇಳುತ್ತಾರೆ. ಎರಡು ವರ್ಷಗಳ ತರುವಾಯ ಇದೇ ಹಬ್ಬದ ದಿನ ರಾಜರ್ಸನ ಹೆಂಡತಿ ಅದೇ ಏಣಿಯಿಂದ ಹತ್ತಿ, ತುದಿ ಮುಟ್ಟಿದ ಮೊದಲ ಹೆಂಗಸೆಂಬ ಹೆಸರು ಪಡೆದಳು. ವೂಂಡೆಡ್ ನೀ ಎಂಬಲ್ಲಿ ಸೇನೆಯ ಗುಂಡಿಗೆ ನೂರಾರು ಲಕೋಟಾ ಜನ ಬಲಿಯಾದದ್ದು 1890ರ ಡಿಸೆಂಬರಿನಲ್ಲಿ. ಆ ಗಾಯ ಆರುವ ಮುನ್ನವೇ ಅವರ ಪವಿತ್ರ ಶಿಲೆಯ ಮೇಲೆ ಜಾತ್ರೆ ನಡೆದಿತ್ತು.

1906ರ ಸೆಪ್ಟೆಂಬರ್ 24ರಂದು ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಈ ಶಿಲೆಯನ್ನು ದೇಶದ ಮೊಟ್ಟಮೊದಲ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. ಅಂದಿನಿಂದ ಅದು ಸಾರ್ವಜನಿಕ ಸ್ವತ್ತು. ಹತ್ತು ವರ್ಷಗಳ ನಂತರ ಹುಟ್ಟಿದ ರಾಷ್ಟ್ರೀಯ ಉದ್ಯಾನ ಸೇವೆಗೆ ಕಾನೂನು ಎರಡು ಕೆಲಸಗಳನ್ನು ಒಟ್ಟಿಗೆ ವಹಿಸಿತು: ಇಂಥ ತಾಣಗಳನ್ನು ಜನ ಆನಂದಿಸುವಂತೆ ಮಾಡುವುದು ಒಂದು, ಮುಂದಿನ ಪೀಳಿಗೆಗೆ ಅವು ಕುಂದಿಲ್ಲದೆ ದಾಟುವಂತೆ ಕಾಯುವುದು ಇನ್ನೊಂದು. ಈ ಎರಡು ಕರ್ತವ್ಯಗಳು ಎಲ್ಲ ಸಮಯದಲ್ಲಿಯೂ ಒಂದೇ ದಿಕ್ಕಿಗೆ ಎಳೆಯುವುದಿಲ್ಲ ಎಂಬುದನ್ನು ಯಾವ ಅರಣ್ಯಾಧಿಕಾರಿಯಾದರೂ ಹೇಳಬಲ್ಲ.

1937ರಲ್ಲಿ ಜರ್ಮನ್ ಮೂಲದ ಫ್ರಿಟ್ಜ್ ವೀಸ್ನರ್ ಮತ್ತು ಇಬ್ಬರು ಸಂಗಡಿಗರು ಏಣಿಯ ಹಂಗಿಲ್ಲದೆ, ಕೈಕಾಲುಗಳ ಬಲದಿಂದ ಹತ್ತಿದರು. ಹಗ್ಗ ಇದ್ದದ್ದು ಬಿದ್ದರೆ ತಡೆಯಲಿಕ್ಕಷ್ಟೇ. ಮರುವರ್ಷ ಜ್ಯಾಕ್ ಡ್ಯುರಾನ್ಸ್ ಕಂಡುಹಿಡಿದ ದಾರಿ ಇಂದಿಗೂ ಹೆಚ್ಚು ಜನ ಹಿಡಿಯುವ ದಾರಿ. 1941ರ ಅಕ್ಟೋಬರಿನಲ್ಲಿ ಜಾರ್ಜ್ ಹಾಪ್ಕಿನ್ಸ್ ಎಂಬ ಸಾಹಸಿ ವಿಮಾನದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಶಿಲೆಯ ನೆತ್ತಿಯ ಮೇಲೆ ಧುಮುಕಿದ. ಇಳಿಯಲು ಬೇಕಾದ ಹಗ್ಗ ಕೈಗೆ ಸಿಗದಂತೆ ಎಲ್ಲೋ ಬಿತ್ತು. ಚಳಿ ಮಳೆಯಲ್ಲಿ ಆರು ದಿನ ಮೇಲೆಯೇ ಕಳೆದ ಅವನನ್ನು ಕೆಳಗಿಳಿಸಲು ದೂರದೂರಿನಿಂದ ಡ್ಯುರಾನ್ಸನೇ ಬರಬೇಕಾಯಿತು. ಒಬ್ಬನ ಹುಡುಗಾಟಕ್ಕೆ ಸರ್ಕಾರಿ ಯಂತ್ರವೆಲ್ಲ ಓಡಾಡಬೇಕಾಗುತ್ತದೆ ಎಂಬುದನ್ನು ಈ ಪ್ರಸಂಗ ತೋರಿಸಿತು. ಹತ್ತುವವರು ಮೊದಲು ಕಚೇರಿಯಲ್ಲಿ ಹೆಸರು ಬರೆಸಬೇಕು, ಇಳಿದ ಮೇಲೆ ಬಂದು ತಿಳಿಸಬೇಕು ಎಂಬ ನಿಯಮ ಅಲ್ಲಿ ಬೇರು ಬಿಟ್ಟದ್ದು ಇಂಥ ಅನುಭವಗಳಿಂದಲೇ.

ಆ ನೋಂದಣಿ ಪುಸ್ತಕದಿಂದಲೇ ಮುಂದಿನ ಕಥೆ ತಿಳಿಯುತ್ತದೆ. 1973ರಲ್ಲಿ ಹತ್ತಿದವರು 312 ಮಂದಿ. 1977ರಲ್ಲಿ ಸ್ಪೀಲ್‌ಬರ್ಗ್ ತಮ್ಮ ಪ್ರಸಿದ್ಧ ಚಲನಚಿತ್ರದಲ್ಲಿ ಅನ್ಯಲೋಕದ ನೌಕೆಯನ್ನು ಇದೇ ಶಿಲೆಯ ಬಳಿ ಇಳಿಸಿದ ಮೇಲೆ ಅದರ ಚಿತ್ರ ಮನೆಮಾತಾಯಿತು. ತೊಂಬತ್ತರ ದಶಕದ ಹೊತ್ತಿಗೆ ವರ್ಷಕ್ಕೆ ಆರು ಸಾವಿರಕ್ಕೂ ಹೆಚ್ಚು ಜನ ಹತ್ತುತ್ತಿದ್ದರು. ದಾರಿಗಳ ಸಂಖ್ಯೆ 200 ದಾಟಿತ್ತು. ಹಗ್ಗ ಸಿಕ್ಕಿಸಲು ಶಿಲೆಗೆ ಕೊರೆದು ಕೂರಿಸಿದ ಉಕ್ಕಿನ ಬೋಲ್ಟುಗಳು ನೂರಾರಿದ್ದವು. ಹಣ ಪಡೆದು ಗುಂಪುಗಳನ್ನು ಹತ್ತಿಸುವ ವೃತ್ತಿಪರ ಮಾರ್ಗದರ್ಶಕರು ಬಂದರು. ಅವರಿಗೆ ಸರ್ಕಾರದ ಪರವಾನಗಿ ಬೇಕು.

ಗಿಡುಗನಿಗೊಂದು ನ್ಯಾಯ

ಜೂನ್ ತಿಂಗಳು ಬೇಸಿಗೆಯ ಆರಂಭ, ಹತ್ತಲು ಹೇಳಿ ಮಾಡಿಸಿದ ಹವೆ. ಅದೇ ತಿಂಗಳ 21ರ ಸುಮಾರಿಗೆ ಸೂರ್ಯ ಉತ್ತರದ ಕೊನೆ ಮುಟ್ಟುವುದರಿಂದ ಬುಡಕಟ್ಟುಗಳ ಮುಖ್ಯ ಆಚರಣೆಗಳೂ ಆಗಲೇ ನಡೆಯುತ್ತವೆ. ಬೆವರು ಗುಡಿಸಲಿನಲ್ಲಿ ಕುಳಿತು ಶುದ್ಧಿಯಾಗುವುದು, ಅನ್ನನೀರು ಬಿಟ್ಟು ಏಕಾಂತದಲ್ಲಿ ದರ್ಶನಕ್ಕಾಗಿ ಕಾಯುವುದು, ಹರಕೆಯ ಬಟ್ಟೆಯನ್ನು ಮರಕ್ಕೆ ಕಟ್ಟುವುದು, ಸೂರ್ಯನೃತ್ಯ. ಹಾಗೆ ಪ್ರಾರ್ಥನೆಯಲ್ಲಿ ಇರುವವನು ತಲೆಯೆತ್ತಿದರೆ ಕಾಣುವುದೇನು? ಬಣ್ಣಬಣ್ಣದ ಹಗ್ಗಗಳು, ಕಿವಿಗೆ ಬೀಳುವುದು ಸುತ್ತಿಗೆಯ ಪೆಟ್ಟು ಮತ್ತು ಮೇಲಿನವನು ಕೆಳಗಿನವನಿಗೆ ಹಾಕುವ ಕೂಗು. ಗುಡಿಯಲ್ಲಿ ಮಂಗಳಾರತಿ ನಡೆಯುವಾಗ ಗೋಪುರಕ್ಕೆ ಯಾರಾದರೂ ಗೂಟ ಬಡಿದು ಹತ್ತಿದರೆ ಹೇಗಿದ್ದೀತು ಎಂದು ಯೋಚಿಸಿದರೆ ಆ ನೋವು ಅರ್ಥವಾಗುತ್ತದೆ.

ಶಿಲಾರೋಹಿಯ ಪಕ್ಷವನ್ನೂ ಕೇಳಬೇಕು. ಅವನು ಪುಂಡನಲ್ಲ. ಬೆರಳ ತುದಿಯಲ್ಲಿ ಪ್ರಾಣ ಹಿಡಿದು, ಉಸಿರನ್ನು ಹದಕ್ಕೆ ತಂದು, ಗಂಟೆಗಟ್ಟಲೆ ಕಲ್ಲಿನ ಮುಖ ನೋಡುತ್ತಾ ಏರುವವನಿಗೆ ಅದೊಂದು ಬಗೆಯ ಧ್ಯಾನ. ನೆಲ ಎಲ್ಲ ಪ್ರಜೆಗಳದ್ದು. ಒಂದು ಗುಂಪಿನ ನಂಬಿಕೆಗಾಗಿ ಇನ್ನೊಂದು ಗುಂಪಿಗೆ ಬಾಗಿಲು ಹಾಕುವುದು ಸರ್ಕಾರದ ಕೆಲಸವೇ ಎಂದು ಅವನು ಕೇಳಿದರೆ ಆ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಮಾರ್ಗದರ್ಶಕನಿಗಂತೂ ಇದು ಹೊಟ್ಟೆಪಾಡಿನ ಪ್ರಶ್ನೆ. ವರ್ಷದಲ್ಲಿ ದುಡಿಮೆಗೆ ಸಿಗುವುದು ಕೆಲವೇ ತಿಂಗಳು. ಅದರಲ್ಲಿ ಜೂನ್ ಹೋದರೆ ಉಳಿಯುವುದೆಷ್ಟು?

ಉದ್ಯಾನ ಸೇವೆ ಬುಡಕಟ್ಟುಗಳ ಹಿರಿಯರು, ಶಿಲಾರೋಹಿಗಳ ಸಂಘಟನೆಯಾದ ಆಕ್ಸೆಸ್ ಫಂಡ್, ಪರಿಸರವಾದಿಗಳು, ಸ್ಥಳೀಯ ಆಡಳಿತ ಎಲ್ಲರನ್ನೂ ಒಂದೆಡೆ ಕೂರಿಸಿ ಚರ್ಚಿಸಿತು. 1995ರಲ್ಲಿ ಶಿಲಾರೋಹಣಕ್ಕೊಂದು ನಿರ್ವಹಣಾ ಯೋಜನೆ ಸಿದ್ಧವಾಯಿತು. ಅದರಂತೆ ಹೊಸ ಬೋಲ್ಟುಗಳನ್ನು ಕೊರೆಯುವಂತಿಲ್ಲ. ಕಲ್ಲಿನ ಬಣ್ಣಕ್ಕೆ ಹೊಂದುವ ಸಾಮಗ್ರಿ ಬಳಸಬೇಕು. ಶಿಲೆಯ ಮೇಲೆ ಗೂಡು ಕಟ್ಟುವ ಗಿಡುಗಗಳು ಮರಿ ಮಾಡುವ ಕಾಲದಲ್ಲಿ ಗೂಡಿನ ಆಸುಪಾಸಿನ ದಾರಿಗಳು ಬಂದ್. ಕೊನೆಯದು ಜೂನ್ ತಿಂಗಳ ಮಾತು. ಆ ತಿಂಗಳಿಡೀ ದಯವಿಟ್ಟು ಹತ್ತಬೇಡಿ ಎಂದು ಎಲ್ಲರಿಗೂ ವಿನಂತಿ. ವಾಣಿಜ್ಯ ಗುಂಪುಗಳಿಗೆ ಮಾತ್ರ ವಿನಂತಿಯಲ್ಲ, ನಿಷೇಧ. ಜೂನ್‌ನಲ್ಲಿ ಅವುಗಳಿಗೆ ಪರವಾನಗಿ ಇಲ್ಲ.

ಈ ಕೊನೆಯ ಅಂಶ ನ್ಯಾಯಾಲಯಕ್ಕೆ ಹೋಯಿತು. ಒಬ್ಬ ಮಾರ್ಗದರ್ಶಕ ಮತ್ತು ಸ್ಥಳೀಯರ ಒಂದು ಸಂಘ ದಾವೆ ಹೂಡಿದರು. ಸರ್ಕಾರ ಯಾವ ಧರ್ಮವನ್ನೂ ಸ್ಥಾಪಿಸಕೂಡದು, ಪೋಷಿಸಕೂಡದು ಎನ್ನುತ್ತದೆ ಅಮೆರಿಕದ ಸಂವಿಧಾನ. ದೇವಸ್ಥಾನಗಳ ಆಡಳಿತಕ್ಕೆ ಸರ್ಕಾರವೇ ಇಲಾಖೆ ನಡೆಸುವ ನಾಡಿನವರಿಗೆ ಈ ಗೋಡೆ ಎಷ್ಟು ಗಟ್ಟಿಯೆಂಬುದು ತಟ್ಟನೆ ಹೊಳೆಯಲಿಕ್ಕಿಲ್ಲ. 1996ರ ಜೂನ್‌ನಲ್ಲಿ ಫೆಡರಲ್ ನ್ಯಾಯಾಧೀಶ ವಿಲಿಯಂ ಡೌನ್ಸ್ ವಾಣಿಜ್ಯ ಗುಂಪುಗಳ ಮೇಲಿನ ನಿಷೇಧಕ್ಕೆ ತಡೆ ನೀಡಿದರು. ಬುಡಕಟ್ಟುಗಳ ಪ್ರಾರ್ಥನೆಗಾಗಿ ಇತರರನ್ನು ಕಡ್ಡಾಯವಾಗಿ ಹೊರಗಿಡುವುದು ಗೋಡೆಯನ್ನು ದಾಟಿದಂತೆ ಎಂಬುದು ಅದರ ತಾತ್ಪರ್ಯ. ಉದ್ಯಾನ ಸೇವೆ ನಿಷೇಧ ಕೈಬಿಟ್ಟು ಮಾರ್ಗದರ್ಶಕರನ್ನೂ ವಿನಂತಿಯ ಸಾಲಿಗೇ ಸೇರಿಸಿತು. 1998ರ ಅಂತಿಮ ತೀರ್ಪಿನಲ್ಲಿ ಅದೇ ನ್ಯಾಯಾಧೀಶರು ವಿನಂತಿಯನ್ನು ಎತ್ತಿಹಿಡಿದರು. ಒಂದು ಆಚರಣೆಗೆ ಅಡ್ಡಿಯಾಗದಂತೆ ಎಡೆ ಮಾಡಿಕೊಡುವುದು ಬೇರೆ, ಆ ಧರ್ಮವನ್ನು ಜನರ ಮೇಲೆ ಹೇರುವುದು ಬೇರೆ; ಹತ್ತುವುದೋ ಬಿಡುವುದೋ ಎಂಬ ನಿರ್ಧಾರ ಪ್ರಜೆಯ ಕೈಯಲ್ಲೇ ಇರುವಾಗ ಹೇರಿಕೆ ಎಲ್ಲಿಂದ ಬಂತು ಎಂಬುದು ಅವರ ನಿಲುವಿನ ಸಾರ. ದಾವೆ ಹೂಡಿದವರಿಗೆ ಆದ ಹಾನಿಯೇ ಇಲ್ಲವೆಂದು 1999ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. 2000ದಲ್ಲಿ ಸುಪ್ರೀಂ ಕೋರ್ಟ್ ಪ್ರಕರಣವನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಗಿಡುಗನ ಮರಿಗಾಗಿ ದಾರಿ ಮುಚ್ಚುವುದು ಕಡ್ಡಾಯ, ಮೀರಿದರೆ ದಂಡ. ಮನುಷ್ಯನ ಪ್ರಾರ್ಥನೆಗಾಗಿ ಮುಚ್ಚುವುದು ಬರೀ ವಿನಂತಿ. ಮೀರಿದರೆ ಏನೂ ಇಲ್ಲ. ಹಕ್ಕಿಗೆ ಧರ್ಮವಿಲ್ಲ. ಆದ್ದರಿಂದ ಅದನ್ನು ಕಾಯಲು ಸಂವಿಧಾನದ ಅಡ್ಡಿ ಇಲ್ಲ. ಮನುಷ್ಯನಿಗೆ ಧರ್ಮವಿದೆ ಎಂಬ ಕಾರಣಕ್ಕೇ ಅವನ ಪರವಾಗಿ ಕಾನೂನಿನ ಕೈ ಅಷ್ಟು ದೂರ ಚಾಚಲಾರದು. ಲಕೋಟಾ ಹಿರಿಯರಲ್ಲಿ ಹಲವರಿಗೆ ಇದು ಅರ್ಧ ನ್ಯಾಯವೆನಿಸಿದ್ದರೆ ಆಶ್ಚರ್ಯವಿಲ್ಲ. ತಮ್ಮ ಆಚರಣೆಯನ್ನು ಹಿಂದೊಮ್ಮೆ ನಿಷೇಧಿಸಲು ಸರ್ಕಾರಕ್ಕೆ ಯಾವ ಗೋಡೆಯೂ ಅಡ್ಡ ಬರಲಿಲ್ಲ, ಕಾಯುವ ಸಮಯ ಬಂದಾಗ ಮಾತ್ರ ಗೋಡೆ ಎದ್ದು ನಿಂತಿತು ಎಂದು ಅವರು ಹೇಳಿದರೆ ಉತ್ತರ ಸುಲಭವಲ್ಲ.

ಮೂರು ಬಗೆಯ ಉತ್ತರಗಳು

ಬರೀ ವಿನಂತಿಯನ್ನು ಯಾರು ಕೇಳುತ್ತಾರೆ ಎಂದು ಸಿನಿಕರು ನಕ್ಕಿರಬಹುದು. ಆದರೆ ಮೊದಲ ವರ್ಷದ ಜೂನ್‌ನಲ್ಲಿಯೇ ಹತ್ತುವವರ ಸಂಖ್ಯೆ ಹಿಂದಿನ ಜೂನ್‌ಗಿಂತ ಸುಮಾರು ಶೇ 80ರಷ್ಟು ಇಳಿಯಿತು. ದಂಡವಿಲ್ಲ, ಕಾವಲಿಲ್ಲ, ಬೇಲಿಯಿಲ್ಲ. ಇದ್ದದ್ದು ಒಂದು ಫಲಕ, ಕಚೇರಿಯಲ್ಲಿ ಹೆಸರು ಬರೆಸುವಾಗ ಸಿಬ್ಬಂದಿ ಹೇಳುವ ನಾಲ್ಕು ಮಾತು ಮತ್ತು ಶಿಲಾರೋಹಿಗಳ ಸಂಘಟನೆಗಳೇ ತಮ್ಮವರಿಗೆ ಹೇಳಿದ ಬುದ್ಧಿ. ಹಾಗೆಂದು ಕಥೆ ಸುಖಾಂತವೆಂದು ಹೇಳುವಂತಿಲ್ಲ. ಮುಂದಿನ ವರ್ಷಗಳಲ್ಲಿ ಜೂನ್‌ನಲ್ಲಿ ಹತ್ತುವವರು ಮತ್ತೆ ಕೊಂಚ ಹೆಚ್ಚಿದ್ದಾರೆ. ವಿನಂತಿಯ ದೌರ್ಬಲ್ಯವೇ ಅದು: ಅದು ಸೌಜನ್ಯವುಳ್ಳವನನ್ನು ಕಟ್ಟಿಹಾಕುತ್ತದೆ, ಇಲ್ಲದವನಿಗೆ ಖಾಲಿ ದಾರಿಯನ್ನು ಬಿಟ್ಟುಕೊಡುತ್ತದೆ. ಪ್ರತಿ ಹೊಸ ತಲೆಮಾರಿಗೂ ಮೊದಲಿನಿಂದ ತಿಳಿಹೇಳಬೇಕಾಗುತ್ತದೆ.

ಅದೇ ದೇಶದಲ್ಲಿ ಇನ್ನೊಂದು ಕಡೆ ಬೇರೆ ಉತ್ತರ ಬಂತು. ಟಾಹೋ ಸರೋವರದ ದಂಡೆಯ ಕೇವ್ ರಾಕ್ ಎಂಬ ಶಿಲೆ ವಾಶೋ ಜನರಿಗೆ ಅತ್ಯಂತ ಪವಿತ್ರ. ಅವರ ಪುರೋಹಿತರ ಹೊರತು ಬೇರೆಯವರು ಅಲ್ಲಿ ಸುಳಿಯಬಾರದು ಎಂಬ ನಂಬಿಕೆ. ಅಲ್ಲಿ ಅರಣ್ಯ ಇಲಾಖೆ ಶಿಲಾರೋಹಣವನ್ನು ಪೂರ್ತಿ ನಿಷೇಧಿಸಿತು. ಜೂನ್ ತಿಂಗಳ ವಿನಂತಿಯನ್ನು ಬೆಂಬಲಿಸಿದ ಆಕ್ಸೆಸ್ ಫಂಡೇ ಈ ನಿಷೇಧದ ವಿರುದ್ಧ ನ್ಯಾಯಾಲಯಕ್ಕೆ ಹೋಯಿತು. 2007ರಲ್ಲಿ ಮೇಲ್ಮನವಿ ನ್ಯಾಯಾಲಯ ನಿಷೇಧವನ್ನು ಒಪ್ಪಿತು. ಕಾರಣ ಕುತೂಹಲಕರ. ಇಲಾಖೆ ಕಾಯಲು ಹೊರಟದ್ದು ಧರ್ಮವನ್ನಲ್ಲ, ಚಾರಿತ್ರಿಕ ಮತ್ತು ಸಾಂಸ್ಕೃತಿಕ ಮಹತ್ವದ ತಾಣವನ್ನು ಎಂದು ನ್ಯಾಯಾಲಯ ಕಂಡಿತು. ಪ್ರಾರ್ಥನೆಯ ಹೆಸರಿನಲ್ಲಿ ಮುಚ್ಚದ ಬಾಗಿಲು ಪರಂಪರೆಯ ಹೆಸರಿನಲ್ಲಿ ಮುಚ್ಚಿತು.

ಮೂರನೆಯ ಉತ್ತರ ಆಸ್ಟ್ರೇಲಿಯದ್ದು. ನಡುನಾಡಿನ ಕೆಂಪು ಶಿಲೆ ಉಲೂರುವನ್ನು ಹತ್ತಲು ಅನುಕೂಲವಾಗಲೆಂದು 1964ರಲ್ಲಿ ಅದಕ್ಕೆ ಸರಪಳಿ ಬಿಗಿದಿದ್ದರು. 1985ರ ಅಕ್ಟೋಬರ್ 26ರಂದು ನೆಲದ ಒಡೆತನ ಮೂಲನಿವಾಸಿ ಅನಂಗು ಜನರಿಗೆ ಮರಳಿತು. ಅವರು ಅದನ್ನು ಉದ್ಯಾನವಾಗಿ ನಡೆಸಲು ಸರ್ಕಾರಕ್ಕೆ 99 ವರ್ಷಗಳ ಗೇಣಿಗೆ ಕೊಟ್ಟರು. ಹತ್ತಬೇಡಿ ಎಂದು ಬುಡದಲ್ಲಿ ಫಲಕ ಹಾಕಿದರು. ಮೂವತ್ತಕ್ಕೂ ಹೆಚ್ಚು ಜನ ಅಲ್ಲಿ ಸತ್ತಿದ್ದಾರೆ. ತಮ್ಮ ನೆಲದಲ್ಲಿ ಅತಿಥಿಗೆ ಸಾವು ಬಂದರೆ ಆ ದುಃಖದ ಹೊಣೆ ತಮ್ಮದೆಂದು ಅನಂಗು ಜನ ಭಾವಿಸುತ್ತಾರೆ. ಹತ್ತುವವರ ಪ್ರಮಾಣ ಶೇ 20ಕ್ಕಿಂತ ಕೆಳಗಿಳಿದರೆ ದಾರಿ ಮುಚ್ಚಬಹುದೆಂದು 2010ರ ಯೋಜನೆಯಲ್ಲಿ ಬರೆಯಲಾಗಿತ್ತು. ಅಂದರೆ ವಿನಂತಿಯನ್ನು ಹೆಚ್ಚಿನವರು ಒಪ್ಪುವವರೆಗೆ ಕಾದು, ಆಮೇಲೆ ಅದನ್ನು ನಿಯಮವಾಗಿಸುವ ಕ್ರಮ. 2017ರಲ್ಲಿ ಉದ್ಯಾನದ ಮಂಡಳಿ ಒಮ್ಮತದ ನಿರ್ಧಾರ ಮಾಡಿತು. 2019ರ ಅಕ್ಟೋಬರ್ 26ರಂದು, ನೆಲ ಮರಳಿದ ದಿನವೇ, ದಾರಿ ಶಾಶ್ವತವಾಗಿ ಮುಚ್ಚಿತು. ಕೊನೆಯ ದಿನಗಳಲ್ಲಿ ಹತ್ತಲು ಇರುವೆ ಸಾಲಿನಂತೆ ಜನ ನಿಂತಿದ್ದರು ಎಂಬುದನ್ನೂ ಮರೆಯುವಂತಿಲ್ಲ.

ಬೆಟ್ಟವೆಂದರೆ ದೇವರೆನ್ನುವ ಭಾರತಕ್ಕೆ ಈ ಪ್ರಶ್ನೆ ದೂರದ್ದಲ್ಲ. ಕರ್ನಾಟಕದಲ್ಲಿ ರಾಮನಗರದ ಸುತ್ತಲಿನ ಬಂಡೆಗಳು, ಸಾವನದುರ್ಗ, ಬಾದಾಮಿಯ ಮರಳುಗಲ್ಲಿನ ಗೋಡೆಗಳು ಶಿಲಾರೋಹಿಗಳಿಗೆ ಚಿರಪರಿಚಿತ. ಇವುಗಳಲ್ಲಿ ಬಹುಪಾಲು ಬೆಟ್ಟಗಳ ಬುಡದಲ್ಲೋ ನೆತ್ತಿಯಲ್ಲೋ ಗುಡಿಯಿದೆ; ಕೆಲವು ಅರಣ್ಯ ಇಲಾಖೆಗೆ, ಕೆಲವು ಪುರಾತತ್ವ ಇಲಾಖೆಗೆ ಸೇರಿವೆ. ರಾಮದೇವರ ಬೆಟ್ಟದಲ್ಲಿ 2012ರಲ್ಲಿ ರಣಹದ್ದುಗಳ ಧಾಮ ಘೋಷಣೆಯಾದ ಮೇಲೆ ಹದ್ದಿನ ಗೂಡಿಗಾಗಿ ಮನುಷ್ಯ ಹಿಂದೆ ಸರಿಯಬೇಕಾಯಿತು. 2024ರ ಜನವರಿಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಚಾರಣಿಗರ ಜಾತ್ರೆಯೇ ನೆರೆದಾಗ ಅರಣ್ಯ ಇಲಾಖೆ ಚಾರಣಕ್ಕೆ ತಾತ್ಕಾಲಿಕ ತಡೆ ಹಾಕಿ, ಬಳಿಕ ಮುಂಗಡ ನೋಂದಣಿಯ ವ್ಯವಸ್ಥೆ ತಂದಿತು. ಹಕ್ಕಿಯ ನಿಯಮ, ತಲೆಯೆಣಿಕೆಯ ನಿಯಮ ಎರಡೂ ಬೇಕಾದವೇ. ಆದರೆ ಕಾವಲುಗಾರ ಇಲ್ಲದ ಕಡೆ ಅವು ಎಷ್ಟು ನಡೆಯುತ್ತವೆ ಎಂಬುದನ್ನು ಬೆಟ್ಟದ ಮೇಲೆ ಬಿದ್ದಿರುವ ಪ್ಲಾಸ್ಟಿಕ್ ಬಾಟಲಿಗಳೂ ಬಂಡೆಯ ಮೇಲೆ ಬಣ್ಣದಲ್ಲಿ ಬರೆದ ಹೆಸರುಗಳೂ ಹೇಳುತ್ತವೆ.

ಕಾವಲುಗಾರ ಇಲ್ಲದ ಕಡೆ ಮಾತು ನಡೆದದ್ದಕ್ಕೆ ಒಂದು ಉದಾಹರಣೆ ಇಲ್ಲಿಯೇ ಹತ್ತಿರದಲ್ಲಿದೆ. ಕಾಂಚನಜುಂಗಾ ಸಿಕ್ಕಿಂ ಜನರ ಆರಾಧ್ಯ ಶಿಖರ. 1955ರಲ್ಲಿ ಬ್ರಿಟಿಷ್ ತಂಡವೊಂದು ನೇಪಾಳದ ಕಡೆಯಿಂದ ಹೊರಟಾಗ, ಶಿಖರದ ನೆತ್ತಿಯನ್ನು ಮೆಟ್ಟುವುದಿಲ್ಲವೆಂದು ಸಿಕ್ಕಿಂನ ದೊರೆಗೆ ಮಾತು ಕೊಟ್ಟಿತ್ತು. ಮೇ 25ರಂದು ಜೋ ಬ್ರೌನ್ ಮತ್ತು ಜಾರ್ಜ್ ಬ್ಯಾಂಡ್ ಜಗತ್ತಿನ ಮೂರನೆಯ ಅತಿ ಎತ್ತರದ ಶಿಖರದ ತುದಿಗೆ ಕೆಲವೇ ಅಡಿಗಳಷ್ಟು ಹತ್ತಿರ ಬಂದು ನಿಂತರು. ಅಲ್ಲಿ ನೋಡುವವರು ಯಾರೂ ಇರಲಿಲ್ಲ. ನಾಲ್ಕು ಹೆಜ್ಜೆ ಮುಂದಿಟ್ಟಿದ್ದರೂ ಗಾಳಿ ಆ ಗುರುತನ್ನು ಅಳಿಸುತ್ತಿತ್ತು. ಅವರು ಮುಂದಿಡಲಿಲ್ಲ, ಹಾಗೆಯೇ ಹಿಂದಿರುಗಿದರು. ಮರುದಿನ ಹೋದ ಇನ್ನಿಬ್ಬರೂ ಅಲ್ಲಿಯೇ ನಿಂತರು. ಮೊದಲ ಬಾರಿ ಹತ್ತಿದವರೆಂಬ ಹೆಸರನ್ನು ಆ ಕೆಲವು ಅಡಿಗಳು ಅವರಿಂದ ಕಿತ್ತುಕೊಳ್ಳಲಿಲ್ಲ. ಮುಂದೆ 2000ದಲ್ಲಿ ವಿದೇಶಿ ತಂಡವೊಂದು ಹಣ ಕೊಟ್ಟು ಸಿಕ್ಕಿಂ ಕಡೆಯಿಂದ ಹತ್ತಲು ಬಂದಾಗ ಜನ ನೊಂದು ಪ್ರತಿಭಟಿಸಿದರು. ಆ ಮೇಲೆ ಸಿಕ್ಕಿಂ ಸರ್ಕಾರ ಪವಿತ್ರ ಶಿಖರಗಳನ್ನು ಹತ್ತುವುದನ್ನೇ ನಿಷೇಧಿಸಿತು. ಮಾತಿಗೆ ಬೆಲೆ ಇದ್ದಷ್ಟು ಕಾಲ ನಿಷೇಧ ಬೇಕಾಗಿರಲಿಲ್ಲ.

ವಯೋಮಿಂಗ್‌ನ ಆ ಕಚೇರಿಯಲ್ಲಿ ಪ್ರತಿ ಜೂನ್‌ನಲ್ಲಿಯೂ ನೋಂದಣಿ ನಡೆಯುತ್ತದೆ. ಹತ್ತುತ್ತೇನೆ ಎನ್ನುವವನನ್ನು ಯಾರೂ ತಡೆಯುವುದಿಲ್ಲ. ಇದು ಕೆಲವರ ಪ್ರಾರ್ಥನೆಯ ತಿಂಗಳು ಎಂದು ತಿಳಿಸುತ್ತಾರೆ, ಅಷ್ಟೆ. ಕೇಳಿಸಿಕೊಂಡು ಹಗ್ಗವನ್ನು ಚೀಲಕ್ಕೆ ಮರಳಿ ತುಂಬಿ, ಶಿಲೆಯ ಸುತ್ತ ಇರುವ ಕಾಲುದಾರಿಯಲ್ಲಿ ಒಂದು ಸುತ್ತು ನಡೆದು, ಮರಗಳಿಗೆ ಕಟ್ಟಿದ ಹರಕೆಯ ಬಟ್ಟೆಗಳನ್ನು ಮುಟ್ಟದೆ ನೋಡಿ ಹೋದವರ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ. ಮೂವತ್ತು ವರ್ಷಗಳಿಂದ ಆ ವಿನಂತಿಗೆ ಇರುವ ಬಲವೆಲ್ಲ ಅವರದೇ.